ಮಾವಿನ ಹಣ್ಣಿನ ಬಾಳಿಕೆ ಮರದಲ್ಲೇ ಆರಂಭ

(ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮವೊಂದರಲ್ಲಿ ನಡೆದ ಮಾವು ಬೆಳೆಗಾರರ ಸಭೆಯಲ್ಲಿ ಹಿರಿಯ ಬೆಳೆಗಾರರೊಬ್ಬರು ಮಾಡಿದ ಭಾಷಣ)



ಕಾರ್ತಿಕ ಮಾಸ ಇನ್ನೂ ಮುಗಿದಿಲ್ಲ. ನಮ್ಮ ತೋಪುಗಳಲ್ಲಿ ಹೂವಿನ ಸುಳಿವೇ ಇಲ್ಲ. ಇಂಥ ಹೊತ್ತಿನಲ್ಲಿ ಹಣ್ಣು ಕೆಡದಂತೆ ಇಡುವ ವಿಚಾರ ಹೇಳಲು ಈತ ಎದ್ದು ನಿಂತನಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಕೊಯ್ಲಿಗೆ ಇನ್ನೂ ಐದಾರು ತಿಂಗಳಿದೆ. ಆದರೆ ಈ ಮಾತನ್ನು ಹೇಳಲು ತಕ್ಕ ಕಾಲ ಇದೇ. ಕೊಯ್ಲಿನ ದಿನ ಹೇಳಿದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗುತ್ತದೆ.

ನನ್ನ ಸ್ವಂತ ಅನುಭವದಿಂದಲೇ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ತೋಪಿನಲ್ಲಿ ಬಾದಾಮಿ ಚೆನ್ನಾಗಿ ಹಿಡಿದಿತ್ತು. ಕಾಯಿ ಗುಂಡಗೆ, ನುಣ್ಣಗೆ, ನೋಡಿದವರು ಮೆಚ್ಚುವ ಹಾಗಿತ್ತು. ಗುತ್ತಿಗೆಗೆ ಕೊಡದೆ ನಾನೇ ಕೊಯ್ಸಿದೆ. ಹೊಸ ಹುಲ್ಲು ತರಿಸಿ, ಪೆಟ್ಟಿಗೆಗಳಲ್ಲಿ ಒಪ್ಪವಾಗಿ ಜೋಡಿಸಿ, ನೂರು ಪೆಟ್ಟಿಗೆ ಲಾರಿಗೆ ಹೇರಿಸಿದೆ. ಮನೆಯವರೆಲ್ಲ ಆ ಹಣದ ಮೇಲೆ ಒಂದು ಮದುವೆಯ ಲೆಕ್ಕ ಹಾಕಿದ್ದರು. ಮಾರನೆಯ ದಿನ ಮಂಡಿಯಲ್ಲಿ ಬೆಲೆ ಕಡಿಮೆ ಇತ್ತು. ಎರಡು ದಿನ ತಡೆದು ಮಾರೋಣ ಎಂದುಕೊಂಡೆ. ಮೂರನೆಯ ದಿನ ಪೆಟ್ಟಿಗೆ ಬಿಚ್ಚಿದಾಗ ಅರ್ಧಕ್ಕರ್ಧ ಹಣ್ಣಿನ ಮೈಮೇಲೆ ಕಪ್ಪು ಚುಕ್ಕೆ ಎದ್ದಿತ್ತು. ಕೆಲವು ಹಣ್ಣು ತೊಟ್ಟಿನ ಸುತ್ತ ಕರಗಿ ನೀರಾಗಿತ್ತು. ಕೊನೆಗೆ ಕಾಲು ಭಾಗದ ಬೆಲೆಗೆ ರಸ ತೆಗೆಯುವವರಿಗೆ ಕೊಟ್ಟು ಬರಬೇಕಾಯಿತು. ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು.

ನಾನು ಲಾರಿಯವನನ್ನು ಬೈದೆ, ಮಂಡಿಯವನನ್ನು ಬೈದೆ, ಹುಲ್ಲು ಒದ್ದೆಯಾಗಿತ್ತೆಂದು ಆಳುಗಳನ್ನು ಬೈದೆ. ಆಮೇಲೆ ತೋಟಗಾರಿಕೆ ಇಲಾಖೆಯ ಅಧಿಕಾರಿಯೊಬ್ಬರು ತೋಪಿಗೆ ಬಂದರು. ಅವರು ಹಣ್ಣನ್ನು ನೋಡಲಿಲ್ಲ, ಪೆಟ್ಟಿಗೆಯನ್ನೂ ನೋಡಲಿಲ್ಲ. ಮರದ ಒಳಗೆ ತಲೆ ಹಾಕಿ ನೋಡಿ, "ಯಜಮಾನರೆ, ಈ ಒಣಗಿದ ರೆಂಬೆಗಳನ್ನು ಕತ್ತರಿಸಿ ಎಷ್ಟು ವರ್ಷವಾಯಿತು?" ಎಂದು ಕೇಳಿದರು. ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ.

ಅಂದು ಅವರಿಂದ ಕಲಿತದ್ದು, ಆಮೇಲೆ ನಾನೇ ಮಾಡಿ ನೋಡಿದ್ದು, ಇವೆರಡನ್ನೂ ಈಗ ನಿಮ್ಮ ಮುಂದಿಡುತ್ತೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಹಣ್ಣಿನ ಆಯುಸ್ಸನ್ನು ಮರದಲ್ಲಿ ಗಳಿಸಬೇಕು. ಪೆಟ್ಟಿಗೆಯಲ್ಲಿ ನಾವು ಮಾಡುವುದು ಗಳಿಸಿದ್ದನ್ನು ಖರ್ಚು ಮಾಡುವುದು ಮಾತ್ರ.

ಹಣ್ಣು ಏಕೆ ಕೆಡುತ್ತದೆ?

ಕೊಯ್ದ ಕಾಯಿ ಸತ್ತ ವಸ್ತುವಲ್ಲ. ಮರದಿಂದ ಬೇರೆಯಾದ ಮೇಲೂ ಅದು ಉಸಿರಾಡುತ್ತಿರುತ್ತದೆ, ಶಾಖ ಬಿಡುತ್ತಿರುತ್ತದೆ, ತನ್ನೊಳಗಿನಿಂದಲೇ ಎಥಿಲೀನ್ ಎಂಬ ಅನಿಲವನ್ನು ಹುಟ್ಟಿಸಿಕೊಂಡು ಮಾಗುತ್ತದೆ. ಒಂದು ಪೆಟ್ಟಿಗೆಯಲ್ಲಿ ಒಂದು ಹಣ್ಣು ಮಾಗಿದರೆ ಪಕ್ಕದ ಕಾಯಿಗಳೂ ಬೇಗ ಮಾಗುವುದು ಈ ಕಾರಣದಿಂದಲೇ. ಮಾಗುವುದು ಹಣ್ಣಿನ ಧರ್ಮ. ಅದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಮಾಗುವುದಕ್ಕೆ ಮುಂಚೆಯೇ ಕೊಳೆಯುವುದನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಕೊಳೆಯುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಮೊದಲನೆಯದು ಚಿಬ್ಬು ರೋಗ ಮತ್ತು ತೊಟ್ಟು ಕೊಳೆ ರೋಗ. ಎರಡನೆಯದು ಹಣ್ಣಿನ ನೊಣ. ಮೂರನೆಯದು ಕಾಯಿಯ ಬಲವಿಲ್ಲದ ಮೈ, ಅಂದರೆ ಎಳೆಯದಾಗಿ ಕೊಯ್ದದ್ದು, ನೀರು ಗೊಬ್ಬರ ಹೊತ್ತುಗೊತ್ತಿಲ್ಲದೆ ಕೊಟ್ಟು ಮೆತ್ತಗಾದದ್ದು. ಈ ಮೂರೂ ಮರದಲ್ಲಿರುವಾಗಲೇ ಹಣ್ಣಿಗೆ ಅಂಟಿಕೊಳ್ಳುತ್ತವೆ.

ಚಿಬ್ಬು ರೋಗದ ಗುಣ ತಿಳಿದರೆ ನನ್ನ ನೂರು ಪೆಟ್ಟಿಗೆಯ ಕಥೆ ನಿಮಗೆ ಅರ್ಥವಾಗುತ್ತದೆ. ಈ ರೋಗದ ಬೂಷ್ಟು ಒಣಗಿದ ರೆಂಬೆ, ಕಪ್ಪಾದ ಹೂಗೊಂಚಲು, ಕಲೆಯುಳ್ಳ ಎಲೆ ಇವುಗಳಲ್ಲಿ ಬೀಡುಬಿಟ್ಟಿರುತ್ತದೆ. ಹೂವಿನ ಕಾಲದಲ್ಲಿ ಇಬ್ಬನಿ ಬಿದ್ದರೆ ಅಥವಾ ಹೀಚು ಕಾಯಿಯ ಮೇಲೆ ಮಳೆ ಬಿದ್ದರೆ, ನೀರಿನ ಹನಿಯೊಡನೆ ಜಾರಿ ಕಾಯಿಯ ಸಿಪ್ಪೆಗೆ ಇಳಿಯುತ್ತದೆ. ಅಲ್ಲಿ ಅದು ಬೆಳೆಯುವುದಿಲ್ಲ. ಹಸಿ ಕಾಯಿಯಲ್ಲಿ ಅದಕ್ಕೆ ಅನುಕೂಲವಿಲ್ಲದ ಕಾರಣ ಸುಮ್ಮನೆ ಮಲಗಿರುತ್ತದೆ. ಕೊಯ್ಯುವ ದಿನ ಕಾಯಿ ನಿಷ್ಕಳಂಕವಾಗಿ ಕಾಣುತ್ತದೆ. ಹಣ್ಣಾಗಿ ಸಿಹಿ ಏರಿದ ಕೂಡಲೇ ಎಚ್ಚತ್ತು ಕಪ್ಪು ಚುಕ್ಕೆಯಾಗಿ ಹೊರಬೀಳುತ್ತದೆ. ನಾನು ಹೊಸ ಹುಲ್ಲಿನಲ್ಲಿ ಒಪ್ಪವಾಗಿ ಜೋಡಿಸಿದ್ದು ಹಣ್ಣನ್ನು ಮಾತ್ರವಲ್ಲ, ಅದರೊಳಗೆ ಮಲಗಿದ್ದ ರೋಗವನ್ನೂ ಹೌದು. ಭರಣಿ ಮಳೆ ಧರಣಿಗೆ ಒಳ್ಳೆಯದು, ಅದರಲ್ಲಿ ಸಂದೇಹವಿಲ್ಲ. ಆದರೆ ಒಣ ರೆಂಬೆ ತುಂಬಿದ ಮಾವಿನ ಮರಕ್ಕೆ ಅದೇ ಮಳೆ ರೋಗವನ್ನು ಹಂಚುತ್ತದೆ.

ಹೂವಿಗೆ ಮುಂಚೆ ಮಾಡಬೇಕಾದ ಕೆಲಸ

ಈ ತಿಂಗಳಲ್ಲೇ ಆರಂಭಿಸಬೇಕಾದ ಕೆಲಸ ಕತ್ತರಿಯದು. ಒಣಗಿದ ರೆಂಬೆ, ಹಳೆಯ ಹೂಗೊಂಚಲಿನ ಕಡ್ಡಿ, ಒಂದರ ಮೇಲೊಂದು ಉಜ್ಜುವ ಕೊಂಬೆ ಇವುಗಳನ್ನು ತೆಗೆದುಹಾಕಿ. ಮರದ ನಡುವಿಗೆ ಬಿಸಿಲು ಗಾಳಿ ಆಡುವಂತಾಗಲಿ. ಕತ್ತರಿಸಿದ್ದನ್ನು ಮರದ ಕೆಳಗೆ ಬಿಡಬೇಡಿ. ತೋಪಿನಿಂದ ಹೊರಗೆ ಸಾಗಿಸಿ ಒಲೆಗೆ ಹಾಕಿ. ಮೊಗ್ಗು ಹೊರಡುವ ಹಸಿರು ರೆಂಬೆಗಳನ್ನು ಈಗ ಮುಟ್ಟಬೇಡಿ. ದೊಡ್ಡ ಸವರುವಿಕೆ ಏನಿದ್ದರೂ ಕೊಯ್ಲು ಮುಗಿದ ಕೂಡಲೇ ಮಾಡತಕ್ಕದ್ದು.

ಇದಾದ ಮೇಲೆ ನೂರಕ್ಕೆ ಒಂದು ಪಾಲಿನ ಬೋರ್ಡೋ ದ್ರಾವಣವನ್ನು ರೆಂಬೆ, ಕಾಂಡ, ಎಲೆ ಎಲ್ಲವೂ ನೆನೆಯುವಂತೆ ಸಿಂಪಡಿಸಿ. ಇದನ್ನು ಮಾಡುವ ವಿಧಾನ ಸುಲಭ. 1 ಕಿಲೋ ಮೈಲುತುತ್ತವನ್ನು ಪುಡಿಮಾಡಿ 50 ಲೀಟರ್ ನೀರಿನಲ್ಲಿ ಕರಗಿಸಿ. 1 ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಬೇರೆಯಾಗಿ ಅರಳಿಸಿ, ಸೋಸಿ, 50 ಲೀಟರ್ ನೀರಿಗೆ ಸೇರಿಸಿ. ಇವೆರಡನ್ನೂ ಮೂರನೆಯ ಪಾತ್ರೆಗೆ ಒಟ್ಟಿಗೆ ಸುರಿಯುತ್ತಾ ಕೋಲಿನಿಂದ ಕಲಕಿ. ಪಾತ್ರೆಗಳು ಪ್ಲಾಸ್ಟಿಕ್ಕಿನವು ಅಥವಾ ಮಣ್ಣಿನವು ಆಗಿರಬೇಕು, ಕಬ್ಬಿಣದವು ಕೂಡದು. ಹದ ಸರಿಯಾಗಿದೆಯೇ ಎಂದು ತಿಳಿಯಲು ಉಜ್ಜಿ ತೊಳೆದ ಕುಡುಗೋಲಿನ ತುದಿಯನ್ನು ಒಂದು ನಿಮಿಷ ಅದರಲ್ಲಿ ಅದ್ದಿ ನೋಡಿ. ಕುಡುಗೋಲಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಬಣ್ಣ ಹತ್ತದಿರುವವರೆಗೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಮಾಡಿದ ದಿನವೇ ಮುಗಿಸಬೇಕು. ಹಳಸಿದ ದ್ರಾವಣದಿಂದ ಪ್ರಯೋಜನವಿಲ್ಲ. ಇಷ್ಟು ಮಾಡಲು ಕೈಲಾಗದವರು ಅಂಗಡಿಯಲ್ಲಿ ಸಿಗುವ ತಾಮ್ರದ ಆಕ್ಸಿಕ್ಲೋರೈಡ್ ಪುಡಿಯನ್ನು ಲೀಟರಿಗೆ 3 ಗ್ರಾಂನಂತೆ ಉಪಯೋಗಿಸಬಹುದು.

ಹೂವು ಪೂರ್ಣವಾಗಿ ಅರಳಿರುವಾಗ ಯಾವ ಔಷಧವನ್ನೂ ಹೊಡೆಯಬೇಡಿ. ಮಾವಿನ ಹೂವು ಕಾಯಿ ಕಚ್ಚುವುದು ನೊಣ ಜೇನುಗಳ ಓಡಾಟದಿಂದ. ಅವುಗಳನ್ನು ಕೊಂದು ಕಾಯಿಗೆ ಕಾದು ಕೂತರೆ ಏನು ಫಲ? ಕಾಯಿ ಗೋಲಿ ಗಾತ್ರವಾದ ಮೇಲೆ ಮೋಡ ಮಳೆಯ ಹವೆ ಮುಂದುವರಿದರೆ, ಯಾವ ಶಿಲೀಂಧ್ರನಾಶಕವನ್ನು ಎಷ್ಟು ಹಾಕಬೇಕೆಂದು ತೋಟಗಾರಿಕೆ ಅಧಿಕಾರಿಗಳನ್ನು ಕೇಳಿಯೇ ಹಾಕಿ. ಔಷಧದ ಚೀಟಿಯಲ್ಲಿ ಕೊನೆಯ ಸಿಂಪಡಣೆಯಾದ ಎಷ್ಟು ದಿನದ ಮೇಲೆ ಕೊಯ್ಯಬೇಕೆಂದು ಅಚ್ಚು ಹಾಕಿರುತ್ತಾರೆ. ಆ ದಿನಗಳನ್ನು ಕಡ್ಡಾಯವಾಗಿ ಬಿಡಬೇಕು. ನಮ್ಮ ಹಣ್ಣನ್ನು ತಿನ್ನುವುದು ಯಾರದೋ ಮನೆಯ ಮಗು ಎಂಬುದು ನೆನಪಿನಲ್ಲಿರಲಿ.

ಹಣ್ಣಿನ ನೊಣ

ಹೊರಗೆ ಸೂಜಿಮೊನೆಯಷ್ಟು ಗುರುತು, ಒಳಗೆ ಹುಳು. ಇದು ಹಣ್ಣಿನ ನೊಣದ ಕೆಲಸ. ಕಾಯಿ ಬಲಿಯುತ್ತಾ ಬಂದಾಗ ಹೆಣ್ಣು ನೊಣ ಸಿಪ್ಪೆಯನ್ನು ಚುಚ್ಚಿ ಮೊಟ್ಟೆ ಇಡುತ್ತದೆ. ಮರಿಹುಳುಗಳು ತಿರುಳನ್ನು ತಿಂದು, ಹಣ್ಣು ಉದುರಿದ ಮೇಲೆ ಮಣ್ಣಿಗಿಳಿದು ಕೋಶವಾಗುತ್ತವೆ. ಅಲ್ಲಿಂದ ಮತ್ತೆ ನೊಣವಾಗಿ ಮೇಲೇಳುತ್ತವೆ.

ಇದಕ್ಕೆ ಮೂರು ಕೆಲಸ ಮಾಡಬೇಕು. ಕೊಯ್ಲಿಗೆ ಸುಮಾರು ಒಂದೂವರೆ ತಿಂಗಳ ಮುಂಚೆ ಮೀಥೈಲ್ ಯೂಜೆನಾಲ್ ಎಂಬ ವಾಸನೆಯ ಮೋಹಕ ಬಲೆಗಳನ್ನು ಎಕರೆಗೆ ನಾಲ್ಕರಿಂದ ಆರರಂತೆ ಆಳೆತ್ತರದ ನೆರಳಿನ ಕೊಂಬೆಗಳಿಗೆ ಕಟ್ಟಿ. ಗಂಡು ನೊಣಗಳು ಅದಕ್ಕೆ ಬಂದು ಸಾಯುತ್ತವೆ. ಗಂಡು ಕಡಿಮೆಯಾದರೆ ಸಂತತಿ ಕಡಿಮೆಯಾಗುತ್ತದೆ. ಎರಡನೆಯದಾಗಿ, ಉದುರಿದ ಹಣ್ಣುಗಳನ್ನು ದಿನವೂ ಆರಿಸಿ ಎರಡು ಅಡಿ ಆಳದಲ್ಲಿ ಹೂಳಿ. ತಿಪ್ಪೆಗೆ ಎಸೆಯುವುದು ಎಂದರೆ ನೊಣವನ್ನು ಸಾಕಿದಂತೆಯೇ. ಮೂರನೆಯದಾಗಿ, ಕೊಯ್ಲಾದ ಮೇಲೆ ಮರದ ಬುಡದ ಮಣ್ಣನ್ನು ಮೇಲೆ ಕೆಳಗೆ ಮಾಡಿದರೆ ಕೋಶಗಳು ಬಿಸಿಲಿಗೆ ಸಾಯುತ್ತವೆ, ಹಕ್ಕಿಗಳಿಗೆ ಆಹಾರವಾಗುತ್ತವೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನೊಣಕ್ಕೆ ನಮ್ಮ ಬೇಲಿ ಗೊತ್ತಿಲ್ಲ, ನಮ್ಮ ಪಕ್ಷ ಪಂಗಡಗಳೂ ಗೊತ್ತಿಲ್ಲ. ನಾನೊಬ್ಬ ಬಲೆ ಕಟ್ಟಿ ಪಕ್ಕದವರು ಕಟ್ಟದಿದ್ದರೆ ನನ್ನ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಊರಿನ ಎಲ್ಲ ತೋಪುಗಳಲ್ಲೂ ಒಂದೇ ವಾರದಲ್ಲಿ ಬಲೆ ಕಟ್ಟಬೇಕು. ಪಂಚಾಯಿತಿಯವರೂ ಸ್ವಸಹಾಯ ಸಂಘದ ತಾಯಂದಿರೂ ಕೈಹಾಕಿದರೆ ಇದು ಕಷ್ಟದ ಕೆಲಸವಲ್ಲ.

ಕೈಗೆಟಕುವ ಎತ್ತರದ ಮರಗಳಿದ್ದವರಿಗೆ ಇನ್ನೊಂದು ಉಪಾಯವುಂಟು. ಕಾಯಿ ಕೋಳಿಮೊಟ್ಟೆಯ ಗಾತ್ರವಾದಾಗ ಅದಕ್ಕೆ ಕಂದು ಕಾಗದದ ಚೀಲ ತೊಡಿಸಿ ತೊಟ್ಟಿನ ಬಳಿ ದಾರದಿಂದ ಕಟ್ಟುವುದು. ಚೀಲ ಸುಮಾರು 25 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಇದ್ದರೆ ಸಾಕು. ಕೆಳಗಿನ ಮೂಲೆಗಳನ್ನು ಸ್ವಲ್ಪ ಕತ್ತರಿಸಿ ನೀರು ನಿಲ್ಲದಂತೆ ಮಾಡಿ. ನೊಣ ಮುಟ್ಟುವುದಿಲ್ಲ, ಚುಕ್ಕೆ ಕಡಿಮೆ, ಸಿಪ್ಪೆ ನುಣುಪು. ಸೇಂದೂರದ ಕೆಂಪಿಗೆ ಮಾತ್ರ ಬೆಳಕು ಬೇಕು. ಚೀಲದೊಳಗೆ ಆ ಬಣ್ಣ ತಗ್ಗುತ್ತದೆ. ಕೂಲಿ ಹೆಚ್ಚಾಗುವುದರಿಂದ ಒಳ್ಳೆಯ ಬೆಲೆ ಸಿಗುವ ಬಾದಾಮಿ, ಮಲ್ಲಿಕಾ ಇಂಥ ತಳಿಗಳಿಗೆ ಮಾತ್ರ ಇದನ್ನು ಮಾಡಿ ನೋಡಿ.

ಕಾಯಿಯ ಮೈಗೆ ಬಲ

ಇನ್ನು ಕಾಯಿಯ ಮೈ ಗಟ್ಟಿಯಾಗುವ ವಿಚಾರ. ಹಿಮಾಚಲ ಪ್ರದೇಶದ ಬೆಟ್ಟಗಳಲ್ಲಿ ಪೀಚ್ ಎಂಬ ಹಣ್ಣನ್ನು ಬೆಳೆಯುತ್ತಾರೆ. ಅದು ನಮ್ಮ ಮಾವಿಗಿಂತ ನಾಜೂಕಾದುದು, ಕೊಯ್ದ ಕೆಲವೇ ದಿನಗಳಲ್ಲಿ ಮೆತ್ತಗಾಗಿಬಿಡುತ್ತದೆ. ಪೀಚ್ ಮತ್ತು ಸೇಬಿನ ಮೇಲೆ ಕೊಯ್ಲಿಗೆ ಮುಂಚೆ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಸಿಂಪಡಿಸಿ ವಿಜ್ಞಾನಿಗಳು ಪರೀಕ್ಷೆ ಮಾಡಿದ್ದಾರೆ. ಸೇಬು ಬೆಳೆಗಾರರಿಗೆ ಇದು ರೂಢಿಯ ಕೆಲಸವೇ ಆಗಿದೆ. ಮಾವಿನ ಮೇಲೂ ಇಂಥ ಪ್ರಯೋಗಗಳು ನಡೆದಿವೆ.

ಇದರ ತತ್ತ್ವ ನಮಗೆ ತಿಳಿಯದ್ದೇನಲ್ಲ. ಹಿಂದಿನವರು ಗೋಡೆ ಕಟ್ಟುವಾಗ ಇಟ್ಟಿಗೆಯ ನಡುವೆ ಸುಣ್ಣದ ಗಾರೆ ಹಾಕುತ್ತಿದ್ದರು. ಹಣ್ಣಿನ ತಿರುಳೂ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕೋಶಗಳನ್ನು ಇಟ್ಟಿಗೆಯಂತೆ ಜೋಡಿಸಿದ ಗೋಡೆ. ಅವುಗಳ ನಡುವೆ ಪೆಕ್ಟಿನ್ ಎಂಬ ಅಂಟು ಇರುತ್ತದೆ. ಸುಣ್ಣದಂಶ ಸಾಕಷ್ಟಿದ್ದರೆ ಆ ಅಂಟು ಬಿಗಿಯಾಗಿ ಹಿಡಿದಿರುತ್ತದೆ. ಹಣ್ಣು ಮೆತ್ತಗಾಗುವುದು ನಿಧಾನವಾಗುತ್ತದೆ, ಬೂಷ್ಟು ಒಳನುಗ್ಗುವುದೂ ಕಷ್ಟವಾಗುತ್ತದೆ. ಬೇರಿನಿಂದ ಬರುವ ಸುಣ್ಣದಂಶ ನೀರಿನೊಡನೆ ಬಹುಪಾಲು ಎಲೆಗಳಿಗೇ ಹೋಗುತ್ತದೆ, ಎಲೆಯಿಂದ ಕಾಯಿಗೆ ಹಿಂದಿರುಗುವುದು ಬಹಳ ಕಡಿಮೆ. ಆದುದರಿಂದ ಸಿಂಪಡಿಸಿದ ನೀರು ಕಾಯಿಯ ಮೈಮೇಲೆಯೇ ಬೀಳಬೇಕು.

ಕೊಯ್ಲಿಗೆ ಸುಮಾರು 20 ದಿನ ಮುಂಚೆ ಒಂದು ಸಾರಿ, 10 ದಿನ ಮುಂಚೆ ಇನ್ನೊಂದು ಸಾರಿ ಕ್ಯಾಲ್ಸಿಯಂ ಕ್ಲೋರೈಡ್ ಸಿಂಪಡಿಸಬಹುದು. ಮೊದಲ ಸಲ ಮಾಡುವವರು 10 ಲೀಟರ್ ನೀರಿಗೆ 100 ಗ್ರಾಂ ಮೀರಬೇಡಿ. ಗಟ್ಟಿ ದ್ರಾವಣ ಎಲೆಯ ಅಂಚನ್ನು ಸುಡುತ್ತದೆ. ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಬೇರೆ ಔಷಧಗಳೊಡನೆ ಬೆರೆಸಬೇಡಿ.

ಇದು ಮಂತ್ರದ ನೀರಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮಾವಿನಲ್ಲಿ ಇದರ ಫಲ ಎಲ್ಲ ಕಡೆ ಒಂದೇ ಸಮನಾಗಿ ಬಂದಿಲ್ಲ. ತಳಿ, ಮಣ್ಣು, ಮಳೆ ಇವುಗಳ ಮೇಲೆ ಅದು ನಿಂತಿದೆ. ಬಂದರೂ ಲಾಭ ಕೆಲವು ದಿನಗಳದು. ರೋಗವಿರುವ ತೋಪಿನಲ್ಲಿ ಸುಣ್ಣದ ನೀರು ಹೊಡೆದು ಪ್ರಯೋಜನವಿಲ್ಲ. ಆದ್ದರಿಂದ ನನ್ನ ಮಾತನ್ನೂ ನಂಬಬೇಡಿ, ಅಂಗಡಿಯವನ ಮಾತನ್ನೂ ನಂಬಬೇಡಿ. ಒಂದೇ ತಳಿಯ, ಒಂದೇ ವಯಸ್ಸಿನ ಎರಡು ಮರ ಆರಿಸಿ. ಒಂದಕ್ಕೆ ಸಿಂಪಡಿಸಿ ಕೆಂಪು ದಾರ ಕಟ್ಟಿ, ಇನ್ನೊಂದನ್ನು ಹಾಗೆಯೇ ಬಿಡಿ. ಒಂದೇ ದಿನ ಎರಡರಿಂದಲೂ ಇಪ್ಪತ್ತಿಪ್ಪತ್ತು ಕಾಯಿ ಇಳಿಸಿ ಬೇರೆ ಬೇರೆ ಹುಲ್ಲಿನಲ್ಲಿಡಿ. ಎಷ್ಟನೆಯ ದಿನ ಎಷ್ಟು ಹಣ್ಣು ಕೆಟ್ಟಿತೆಂದು ಮನೆಯ ಶಾಲೆಯ ಮಕ್ಕಳಿಂದ ಬರೆಸಿ. ಆ ಪುಸ್ತಕ ಹೇಳಿದ್ದನ್ನು ಮುಂದಿನ ವರ್ಷ ಮಾಡಿ. ನಮ್ಮ ತೋಪಿನಲ್ಲಿ ನಾನು ಹೀಗೆಯೇ ಮಾಡಿದೆ. ಒಂದು ವರ್ಷ ಮೂರು ದಿನ ಹೆಚ್ಚು ಬಂತು, ಮಳೆ ಹೆಚ್ಚಾದ ಇನ್ನೊಂದು ವರ್ಷ ವ್ಯತ್ಯಾಸವೇ ಕಾಣಲಿಲ್ಲ.

ನೀರು ಗೊಬ್ಬರದಲ್ಲೂ ಹದವಿರಬೇಕು. ಕಾಯಿ ಬಲಿಯುವ ಕಾಲದಲ್ಲಿ ಯೂರಿಯಾ ಹಾಕಿದರೆ ಕಾಯಿ ಊದಿಕೊಂಡಂತೆ ಕಾಣುತ್ತದೆ, ಆದರೆ ಮೈ ಸಡಿಲವಾಗುತ್ತದೆ. ಗೊಬ್ಬರವೆಲ್ಲ ಮಳೆಗಾಲದಲ್ಲಿ ಆಗಬೇಕು, ಅದರಲ್ಲಿ ಪೊಟ್ಯಾಷ್ ಮರೆಯಬಾರದು. ಹನಿ ನೀರಾವರಿ ಇರುವವರು ಕೊಯ್ಲಿಗೆ ಎರಡು ವಾರ ಮುಂಚೆ ನೀರು ನಿಲ್ಲಿಸಿ.

ಬಾದಾಮಿ ಬೆಳೆಯುವವರಿಗೆ ಇನ್ನೊಂದು ಎಚ್ಚರಿಕೆ. ಹೊರಗೆ ಚೆಲುವಾಗಿದ್ದು ಕೊಯ್ದರೆ ಒಳಗೆ ಬಿಳಿಚಿದ ಹುಳಿ ತಿರುಳು ಇರುವ ಹಣ್ಣನ್ನು ನೀವೆಲ್ಲ ಕಂಡಿದ್ದೀರಿ. ಮರದಲ್ಲೇ ಅತಿಯಾಗಿ ಬಲಿಯಬಿಟ್ಟ ಕಾಯಲ್ಲಿ ಇದು ಹೆಚ್ಚು. ಕಾದ ಬರಿ ನೆಲದ ಝಳವೂ ಇದನ್ನು ಹೆಚ್ಚಿಸುತ್ತದೆ. ಮರದ ಕೆಳಗೆ ಒಣ ಎಲೆ, ಹುಲ್ಲಿನ ಹೊದಿಕೆ ಹಾಸಿದರೆ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಹೊದಿಕೆಗೆ ರೋಗವಿಲ್ಲದ ಎಲೆಯನ್ನೇ ಬಳಸಿ.

ಯಾವಾಗ ಕೊಯ್ಯಬೇಕು?

ಇಷ್ಟೆಲ್ಲ ಮಾಡಿ ಎಳೆಯ ಕಾಯಿ ಕೊಯ್ದರೆ ಎಲ್ಲವೂ ವ್ಯರ್ಥ. ಎಳೆಯ ಕಾಯಿ ಸುಕ್ಕುಗಟ್ಟುತ್ತದೆಯೇ ಹೊರತು ಸಿಹಿಯಾಗಿ ಮಾಗುವುದಿಲ್ಲ. ಬಲಿತದ್ದಕ್ಕೆ ಗುರುತುಗಳು ಹೀಗಿವೆ. ತೊಟ್ಟಿನ ಎರಡೂ ಕಡೆಯ ಭುಜ ತುಂಬಿ, ತೊಟ್ಟು ಕುಳಿಯಲ್ಲಿ ಕೂತಂತೆ ಕಾಣಬೇಕು. ಕಡುಹಸಿರು ಹೋಗಿ ತಿಳಿಹಸಿರಾಗಬೇಕು. ಒಂದೆರಡು ಕಾಯಿ ಕೊಯ್ದು ನೋಡಿದರೆ ಓಟೆಯ ಹತ್ತಿರದ ತಿರುಳು ಬಿಳುಪು ಬಿಟ್ಟು ಹಳದಿಗೆ ತಿರುಗಿರಬೇಕು. ಬಕೆಟ್ಟಿನ ನೀರಿಗೆ ಹಾಕಿದರೆ ಬಲಿತ ಕಾಯಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಗಿಣಿ ಅಳಿಲು ಮುಟ್ಟದ ಒಂದೆರಡು ಹಣ್ಣು ತಾವಾಗಿ ಉದುರಿದರೆ ಮರವೇ ಅಪ್ಪಣೆ ಕೊಟ್ಟಿತೆಂದು ತಿಳಿಯಿರಿ. ಎರಡು ಸಲ ಹೂ ಬಿಟ್ಟ ಮರದಲ್ಲಿ ಕೊಯ್ಲೂ ಎರಡು ಮೂರು ಸಲ ಆಗಬೇಕು.

ಕೊಯ್ಯುವಾಗ ಬಲೆ ಕಟ್ಟಿದ ದೋಟಿ ಬಳಸಿ, ತೊಟ್ಟು ಬಿಟ್ಟು ಕತ್ತರಿಸಿ. ನೆಲಕ್ಕೆ ಬಿದ್ದ ಕಾಯನ್ನು ಒಳ್ಳೆಯದರ ಜೊತೆ ಸೇರಿಸಬೇಡಿ. ಆಮೇಲೆ ತೊಟ್ಟನ್ನು ಮೊಟಕು ಮಾಡಿ, ಕಾಯನ್ನು ತಲೆಕೆಳಗಾಗಿಟ್ಟು ಒಂದೆರಡು ಗಂಟೆ ಸೊನೆ ಇಳಿಯಲು ಬಿಡಿ. ಸೊನೆ ತಗುಲಿದ ಜಾಗ ಸುಟ್ಟು ಕಪ್ಪಾಗಿ, ಕೊಳೆಯುವುದಕ್ಕೆ ದಾರಿಯಾಗುತ್ತದೆ.

ಬೇಗ ಬಂದ ಹಣ್ಣಿಗೆ ಬೆಲೆ ಹೆಚ್ಚೆಂದು ಎಳೆಯ ಕಾಯಿ ಇಳಿಸಿ ಕಾರ್ಬೈಡ್ ಪುಡಿಯಲ್ಲಿಟ್ಟು ಬಣ್ಣ ಬರಿಸುವವರುಂಟು. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಡುವುದನ್ನು ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ. ಅದರಲ್ಲಿ ಪಾಷಾಣದ ಅಂಶ ಬೆರೆತಿರುತ್ತದೆ. ನಾನು ಹೇಳಿದ ಸಿಂಪಡಣೆಯ ಕ್ಯಾಲ್ಸಿಯಂ ಕ್ಲೋರೈಡಿಗೂ ಇದಕ್ಕೂ ಹೆಸರಿನಲ್ಲಿ ಹೋಲಿಕೆಯಿದ್ದರೂ ಇವೆರಡೂ ಬೇರೆ ಬೇರೆ ವಸ್ತುಗಳು. ಅಂಗಡಿಯಲ್ಲಿ ಕೇಳುವಾಗ ಎಚ್ಚರವಿರಲಿ.

ತೋಪನ್ನು ಗುತ್ತಿಗೆಗೆ ಕೊಟ್ಟವರು

ನಮ್ಮಲ್ಲಿ ಅನೇಕರು ಹೂವು ಕಂಡ ಕೂಡಲೇ ತೋಪನ್ನು ಗುತ್ತಿಗೆಗೆ ಕೊಟ್ಟುಬಿಡುತ್ತಾರೆ. ಸಾಲಗಾರರ ಕಾಟ ಇರುವಾಗ ಅದನ್ನು ತಪ್ಪೆನ್ನಲಾಗದು. ಆದರೆ ಒಣ ರೆಂಬೆ ತೆಗೆಯುವುದು ಗುತ್ತಿಗೆದಾರನ ಕೆಲಸವೆಂದು ನಾವು ಅಂದುಕೊಳ್ಳುತ್ತೇವೆ, ನಮ್ಮ ಕೆಲಸವೆಂದು ಅವನು ಅಂದುಕೊಳ್ಳುತ್ತಾನೆ. ಇಬ್ಬರ ನಡುವೆ ಮರ ಹಾಳಾಗುತ್ತದೆ. ಕರಾರು ಪತ್ರದಲ್ಲಿ ನಾಲ್ಕು ಮಾತು ಬರೆಸಿಕೊಳ್ಳಿ. ರೆಂಬೆ ಕತ್ತರಿಸುವವರು ಯಾರು, ಬಲೆ ಕಟ್ಟುವವರು ಯಾರು, ಎಂಥ ಔಷಧ ಯಾವಾಗಿನವರೆಗೆ ಹೊಡೆಯಬಹುದು, ಕಾಯಿ ಬಲಿಯುವ ಮುಂಚೆ ಕೊಯ್ಯಬಾರದು ಎಂಬ ನಿಬಂಧನೆ. ಮರ ನಮ್ಮದು. ಗುತ್ತಿಗೆ ಮುಗಿದ ಮೇಲೂ ಅದು ನಮ್ಮೊಡನೆಯೇ ಇರುತ್ತದೆ.

2025ರ ಜೂನ್ ತಿಂಗಳನ್ನು ನೀವು ಮರೆತಿಲ್ಲ. ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಕಾಯಿಗೆ ತಡೆ ಹಾಕಿತು. ಬೆಲೆ ಕುಸಿಯಿತು, ನಮ್ಮ ರೈತರು ಬೀದಿಗಿಳಿದರು. ಆಮೇಲೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಾಲಿಗೆ 1,616 ರೂಪಾಯಿ ಗೊತ್ತುಮಾಡಿತು. ಹಣ್ಣಿನ ಬಾಳಿಕೆ ಹೆಚ್ಚಿದರೆ ಇಂಥ ಸಂಕಟವೆಲ್ಲ ತೀರುತ್ತದೆಂದು ನಾನು ಹೇಳುವುದಿಲ್ಲ. ಬೆಲೆಯ ಪ್ರಶ್ನೆಯೇ ಬೇರೆ, ಅದಕ್ಕೆ ಬೇರೆ ಹೋರಾಟ ಬೇಕು. ಆದರೆ ಮಂಡಿಯಲ್ಲಿ ನಿಂತ ರೈತನನ್ನು ಅವಸರಪಡಿಸುವುದು ಅವನ ಬುಟ್ಟಿಯಲ್ಲಿ ಕೊಳೆಯುತ್ತಿರುವ ಹಣ್ಣು. ಮೂರು ನಾಲ್ಕು ದಿನ ತಡೆದುಕೊಳ್ಳುವ ಹಣ್ಣಿದ್ದರೆ "ಈ ಬೆಲೆಗೆ ಕೊಡಲಾರೆ" ಎಂದು ಹೇಳುವ ಧೈರ್ಯ ಬರುತ್ತದೆ. ನನಗೆ ಅಂದು ಆ ಧೈರ್ಯ ಇರಲಿಲ್ಲ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

ಹಿರಿಯರೊಬ್ಬರು ಕೇಳಿದರು: "ನಮ್ಮದು ತಾತನ ಕಾಲದ ಮರ. ನಲವತ್ತು ಅಡಿ ಎತ್ತರ. ಸಿಂಪಡಿಸುವುದು ಹೇಗಪ್ಪ?" ಉತ್ತರ: ತುದಿಯವರೆಗೆ ಸಿಂಪಡಿಸಲಾಗದಿದ್ದರೂ ಚಿಂತೆಯಿಲ್ಲ, ತಾತ. ಉದುರಿದ ಹಣ್ಣು ಆರಿಸುವುದಕ್ಕೆ, ಬಲೆ ಕಟ್ಟುವುದಕ್ಕೆ, ಕೈಗೆ ಸಿಗುವ ಒಣ ರೆಂಬೆ ತೆಗೆಯುವುದಕ್ಕೆ ಎತ್ತರ ಅಡ್ಡಿಯಲ್ಲ. ಕೊಯ್ಲಾದ ಮೇಲೆ ಇಲಾಖೆಯವರ ಸಲಹೆ ಪಡೆದು ವರ್ಷಕ್ಕಿಷ್ಟರಂತೆ ನಡುವಿನ ಕೊಂಬೆ ಇಳಿಸುತ್ತಾ ಬನ್ನಿ.

ತಾಯಿಯೊಬ್ಬರು ಕೇಳಿದರು: "ಮಳೆ ಬಂದ ಮಾರನೆಯ ದಿನವೇ ಕೊಯ್ದರೆ ಏನಾಗುತ್ತದೆ?" ಉತ್ತರ: ಒದ್ದೆ ಕಾಯಿ ಪೆಟ್ಟಿಗೆಗೆ ಹೋದರೆ ಕೊಳೆ ಬೇಗ ಹರಡುತ್ತದೆ, ಅಕ್ಕ. ಒಂದೆರಡು ದಿನ ಬಿಸಿಲು ಬಿದ್ದು ಮೈ ಒಣಗಿದ ಮೇಲೆ ಕೊಯ್ಯಿಸಿ. ಕಾಯಲು ಆಗದಿದ್ದರೆ ನೆರಳಿನಲ್ಲಿ ಹರಡಿ ಪೂರ್ತಿ ಆರಿಸಿ ತುಂಬಿ.

ಯುವಕರೊಬ್ಬರು ಕೇಳಿದರು: "ಎಲ್ಲವನ್ನೂ ಒಂದೇ ವರ್ಷ ಮಾಡಲು ಹಣವಿಲ್ಲ. ಮೊದಲು ಯಾವುದು?" ಉತ್ತರ: ಮೊದಲು ಕತ್ತರಿ, ಆಮೇಲೆ ಬಲೆ, ಆಮೇಲೆ ಬಲಿತ ಕಾಯಿಯ ಕೊಯ್ಲು. ಈ ಮೂರಕ್ಕೆ ಹಣಕ್ಕಿಂತ ಮೈಮುರಿದ ದುಡಿಮೆ ಹೆಚ್ಚು ಬೇಕು. ಸುಣ್ಣದ ನೀರು, ಕಾಗದದ ಚೀಲ ಇವು ಆಮೇಲಿನ ಮಾತು.

ಬಂಧುಗಳೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತಾರೆ. ಹಾಗೆಯೇ ಹೀಚಿನಲ್ಲಿ ಕಾಪಾಡದ್ದನ್ನು ಹಣ್ಣಿನಲ್ಲಿ ಕಾಪಾಡಲಾಗುವುದಿಲ್ಲ. ನಾಳೆ ಬೆಳಗ್ಗೆ ತೋಪಿಗೆ ಹೋದಾಗ ಮರದ ಒಳಗೊಮ್ಮೆ ತಲೆ ಹಾಕಿ ನೋಡಿ, ಒಣ ರೆಂಬೆಗಳನ್ನು ಎಣಿಸಿ. ಎಣಿಸಿದ ಮೇಲೆ ಕತ್ತರಿ ಹುಡುಕಲು ನಿಮಗೆ ಯಾರೂ ಹೇಳಬೇಕಾಗಿಲ್ಲ.